ದ ಹಂಗರ್ ಗೇಮ್ಸ್ ಸರಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸುಝಾನ್ ಕಾಲಿನ್ಸ್ ಅವರ ಈ ಕಾದಂಬರಿಗಳನ್ನು ಹೊಸದಾಗಿ ಕೈಗೆತ್ತಿಕೊಂಡವರು, ಮಕ್ಕಳಿಗೆ ಕೊಡಬಹುದೇ ಎಂದು ಯೋಚಿಸುತ್ತಿರುವ ಅಪ್ಪ ಅಮ್ಮಂದಿರು, ಸಿನಿಮಾ ಮಾತ್ರ ನೋಡಿ ಗೊಂದಲಕ್ಕೆ ಬಿದ್ದವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕಥೆಯ ತಿರುಳು ಇಷ್ಟು: ಸರ್ಕಾರ ಪ್ರತಿ ವರ್ಷ ಚೀಟಿ ಎತ್ತಿ ಮಕ್ಕಳನ್ನು ಆರಿಸಿ, ಒಬ್ಬರೇ ಉಳಿಯುವವರೆಗೆ ಪರಸ್ಪರ ಕೊಲ್ಲುವ ಆಟಕ್ಕೆ ಇಳಿಸಿ ಟೀವಿಯಲ್ಲಿ ತೋರಿಸುತ್ತದೆ. ಕಥೆಯ ಗುಟ್ಟು ಬಯಲಾಗುವ ಕಡೆ ಮೊದಲೇ ಎಚ್ಚರಿಸಿದ್ದೇವೆ.

ಒಟ್ಟು ಎಷ್ಟು ಪುಸ್ತಕ? ಯಾವುದರಿಂದ ಶುರು ಮಾಡಬೇಕು?

ಐದು. ಮೊದಲು ಬಂದ ಮೂರು: ‘ದ ಹಂಗರ್ ಗೇಮ್ಸ್’ (2008), ‘ಕ್ಯಾಚಿಂಗ್ ಫೈರ್’ (2009), ‘ಮಾಕಿಂಗ್‌ಜೇ’ (2010). ಹತ್ತು ವರ್ಷ ಬಿಟ್ಟು 2020ರಲ್ಲಿ ‘ದ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’, 2025ರ ಮಾರ್ಚ್‌ನಲ್ಲಿ ‘ಸನ್‌ರೈಸ್ ಆನ್ ದ ರೀಪಿಂಗ್’ ಬಂದವು. ಕೊನೆಯ ಎರಡರ ಕಥೆ ನಡೆಯುವುದು ಮೊದಲ ಮೂರಕ್ಕಿಂತ ಹಿಂದೆ. ‘ಬ್ಯಾಲಡ್’ನಲ್ಲಿ 10ನೇ ಆಟ, ‘ಸನ್‌ರೈಸ್’ನಲ್ಲಿ 50ನೇ ಆಟ, ಮೂಲ ಸರಣಿಯ ಮೊದಲೆರಡು ಪುಸ್ತಕಗಳಲ್ಲಿ 74 ಮತ್ತು 75ನೇ ಆಟ.

ಹಾಗೆಂದು ಕಾಲಾನುಕ್ರಮದಲ್ಲಿ ಓದಲು ಹೋಗಬೇಡಿ. ಪ್ರಕಟವಾದ ಕ್ರಮದಲ್ಲೇ ಓದಿ. ‘ಕ್ಯಾಚಿಂಗ್ ಫೈರ್’ನಲ್ಲಿ ನಾಯಕಿ ಕ್ಯಾಟ್ನಿಸ್ ಮತ್ತು ಅವಳ ಜೊತೆ ಆಟಕ್ಕೆ ಹೋದ ಅದೇ ಊರಿನ ಹುಡುಗ ಪೀಟಾ 50ನೇ ಆಟದ ಟೇಪ್ ನೋಡುತ್ತಾರೆ. ಆ ಟೇಪಿನಲ್ಲಿ ಏನೇನು ಕತ್ತರಿಸಿ ಹಾಕಿದ್ದರು ಎಂಬುದೇ ‘ಸನ್‌ರೈಸ್’ನ ಜೀವಾಳ. ಟೇಪ್ ನೋಡುವ ಮೊದಲೇ ಸತ್ಯ ಗೊತ್ತಾಗಿಬಿಟ್ಟರೆ ಮೋಸ ಹೋಗುವ ಅನುಭವವೇ ನಿಮಗೆ ಸಿಗುವುದಿಲ್ಲ.

ಕಥೆ ಯಾವ ದೇಶದ್ದು?

ಉತ್ತರ ಅಮೆರಿಕ ಹಾಳಾದ ಮೇಲೆ ಅಲ್ಲಿ ಹುಟ್ಟಿಕೊಂಡ ಪ್ಯಾನೆಮ್ ಎಂಬ ಕಲ್ಪಿತ ದೇಶದ್ದು. ರಾಜಧಾನಿ ಕ್ಯಾಪಿಟಲ್ ಇರುವುದು ರಾಕಿ ಪರ್ವತಗಳ ನಡುವೆ. ಅದರ ಸುತ್ತ ಹನ್ನೆರಡು ಡಿಸ್ಟ್ರಿಕ್ಟ್‌ಗಳು, ಒಂದೊಂದಕ್ಕೂ ಒಂದೊಂದು ಕಸುಬು: 3ಕ್ಕೆ ಎಲೆಕ್ಟ್ರಾನಿಕ್ಸ್, 4ಕ್ಕೆ ಮೀನುಗಾರಿಕೆ, 8ಕ್ಕೆ ಬಟ್ಟೆ, 11ಕ್ಕೆ ಬೇಸಾಯ. ನಾಯಕಿಯ ಊರಾದ 12ಕ್ಕೆ ಕಲ್ಲಿದ್ದಲು ಗಣಿ; ಅದು ಇಂದಿನ ಅಪಲಾಚಿಯ ಪ್ರದೇಶ, ಜನಸಂಖ್ಯೆ ಸುಮಾರು 8000. ಹದಿಮೂರನೆಯ ಡಿಸ್ಟ್ರಿಕ್ಟನ್ನು, ಡಿಸ್ಟ್ರಿಕ್ಟ್‌ಗಳು ಕ್ಯಾಪಿಟಲ್ ವಿರುದ್ಧ ಎದ್ದ ದಂಗೆಯ ಕಾಲದಲ್ಲಿ ನೆಲಸಮ ಮಾಡಲಾಯಿತು ಎಂಬುದು ಸರ್ಕಾರದ ಹೇಳಿಕೆ.

ಆ ಹೇಳಿಕೆಗೆ ಪುರಾವೆಯಾಗಿ ಟೀವಿಯಲ್ಲಿ ಹೊಗೆಯಾಡುವ ಕಟ್ಟಡದ ದೃಶ್ಯ ತೋರಿಸುತ್ತಿರುತ್ತಾರೆ. ಎರಡನೆಯ ಪುಸ್ತಕದಲ್ಲಿ ಕ್ಯಾಟ್ನಿಸ್ ಆ ದೃಶ್ಯದ ಬಲಮೂಲೆಯ ಮೇಲ್ಭಾಗದಲ್ಲಿ ಹಕ್ಕಿಯೊಂದು ರೆಕ್ಕೆ ಬಡಿದು ಹೋಗುವುದನ್ನು ಗಮನಿಸುತ್ತಾಳೆ. ಪ್ರತಿ ಸಲವೂ ಅದೇ ಹಕ್ಕಿ, ಅದೇ ಮೂಲೆ. ವರ್ಷಗಳಿಂದ ಒಂದೇ ಹಳೇ ತುಣುಕನ್ನು ತಿರುಗಿಸಿ ಮುರುಗಿಸಿ ಹಾಕುತ್ತಿದ್ದಾರೆ! ಸರಣಿಯನ್ನು ಹೇಗೆ ಓದಬೇಕು ಎಂಬುದಕ್ಕೆ ಈ ಪುಟ ಒಳ್ಳೆಯ ಪಾಠ.

ಆಟಕ್ಕೆ ಮಕ್ಕಳನ್ನು ಆರಿಸುವ ಲೆಕ್ಕ ನಿಜವಾಗಿ ಹೇಗೆ?

ಬಹಳ ಜನ ಓದುವಾಗ ಹಾರಿಸಿಬಿಡುವ ಭಾಗ ಇದು. ಆದರೆ ಇಡೀ ವ್ಯವಸ್ಥೆಯ ಕೀಲಿಕೈ ಇಲ್ಲೇ ಇದೆ.

ವಯಸ್ಸು 12ರಿಂದ 18. ಪ್ರತಿ ಡಿಸ್ಟ್ರಿಕ್ಟಿನಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿ, ಒಟ್ಟು 24 ಮಂದಿ. ಹನ್ನೆರಡು ತುಂಬಿದ ವರ್ಷ ನಿಮ್ಮ ಹೆಸರಿನ ಒಂದು ಚೀಟಿ ಗಾಜಿನ ಬುಟ್ಟಿಗೆ ಬೀಳುತ್ತದೆ. ಹದಿಮೂರಕ್ಕೆ ಎರಡು, ಹದಿನಾಲ್ಕಕ್ಕೆ ಮೂರು, ಹೀಗೆ ಹದಿನೆಂಟಕ್ಕೆ ಏಳು. ಇಲ್ಲಿಯವರೆಗೆ ಎಲ್ಲರಿಗೂ ಒಂದೇ ನ್ಯಾಯ.

ಇನ್ನು ಟೆಸೆರಾ. ಮನೆಯಲ್ಲಿ ಹಸಿವಿದ್ದರೆ ಹೆಚ್ಚುವರಿ ಚೀಟಿ ಹಾಕಿಸಿಕೊಳ್ಳಬಹುದು. ಒಂದು ಹೆಚ್ಚುವರಿ ಚೀಟಿಗೆ ಒಬ್ಬರಿಗೆ ಒಂದು ವರ್ಷ ಜೀವ ಹಿಡಿದುಕೊಳ್ಳುವಷ್ಟು ಧಾನ್ಯ ಮತ್ತು ಎಣ್ಣೆ. ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲೂ ಒಂದೊಂದು ತೆಗೆದುಕೊಳ್ಳಬಹುದು. ಹಳೆಯ ಚೀಟಿಗಳು ಮಾತ್ರ ವರ್ಷ ಕಳೆದರೂ ಬುಟ್ಟಿಯಿಂದ ಹೊರಗೆ ಹೋಗುವುದಿಲ್ಲ, ಕೂಡುತ್ತಲೇ ಇರುತ್ತವೆ.

ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿ ಪ್ರಿಮ್‌ಗೆ ಅಂತ ವರ್ಷಕ್ಕೆ ಮೂರು ಟೆಸೆರಾ ಪಡೆದಿದ್ದಾಳೆ. ಕಡ್ಡಾಯದ ಒಂದು ಸೇರಿ ವರ್ಷಕ್ಕೆ ನಾಲ್ಕು. ಹದಿನಾರರ ಹೊತ್ತಿಗೆ ಐದು ವರ್ಷದ ಲೆಕ್ಕ 20. ಅವಳ ಗೆಳೆಯ ಗೇಲ್‌ನ ಮನೆಯಲ್ಲಿ ಐದು ಜನ, ವರ್ಷಕ್ಕೆ ಆರು ಚೀಟಿ, ಹದಿನೆಂಟಕ್ಕೆ 42. ಅದೇ ವಯಸ್ಸಿನ ಅಂಗಡಿಯವರ ಮಗನೊಬ್ಬ ಒಂದೂ ಟೆಸೆರಾ ತೆಗೆದುಕೊಳ್ಳದಿದ್ದರೆ ಅವನದು ಏಳೇ ಚೀಟಿ. ಅಂದರೆ ಒಂದೇ ಊರಿನ, ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬನಿಗೆ ಆರು ಪಟ್ಟು ಅಪಾಯ.

ಇದನ್ನು ಹೀಗೆ ರೂಪಿಸಿದವರಿಗೆ ಎರಡು ಲಾಭ. ಬಡವರ ಮಕ್ಕಳು ಸತ್ತರೆ ಅದು ಅದೃಷ್ಟದ ಆಟ ಅನ್ನಿಸುತ್ತದೆ, ಸರ್ಕಾರದ ಕೈವಾಡ ಕಾಣುವುದಿಲ್ಲ. ಜೊತೆಗೆ ಗೇಲ್‌ನ ಸಿಟ್ಟು ಮೇಯರ್ ಮಗಳು ಮ್ಯಾಜ್‌ನ ಮೇಲೆ ತಿರುಗುತ್ತದೆ, ಕ್ಯಾಪಿಟಲ್ ಮೇಲೆ ಅಲ್ಲ. ಪೇಟೆಯವರಿಗೂ ಗಣಿಯವರಿಗೂ ಹೊಂದಾಣಿಕೆ ಆಗದಂತೆ ಒಂದು ಬುಟ್ಟಿ ಚೀಟಿ ನೋಡಿಕೊಳ್ಳುತ್ತದೆ.

ಹಾಗಾದರೆ ಒಂದೇ ಚೀಟಿ ಇದ್ದ ಪ್ರಿಮ್ ಹೆಸರು ಬಂದದ್ದು ಹೇಗೆ?

ಮೊದಲ ಪುಸ್ತಕದಲ್ಲಿ ಎತ್ತಿದ ಚೀಟಿ ಪ್ರಿಮ್‌ಳದು, ಅವಳ ಬದಲು ಕ್ಯಾಟ್ನಿಸ್ ತಾನೇ ಆಟಕ್ಕೆ ಹೋಗುತ್ತಾಳೆ. ಸಾವಿರಾರು ಚೀಟಿಗಳಲ್ಲಿ ಒಂದು ಎದ್ದು ಬರುವುದು ಅಸಾಧ್ಯವೇನಲ್ಲ, ಅಪರೂಪ ಅಷ್ಟೆ. ಅದರಲ್ಲಿ ಮೋಸವಿತ್ತು ಎಂದು ಮೊದಲ ಪುಸ್ತಕ ಎಲ್ಲೂ ಹೇಳುವುದಿಲ್ಲ. ಆದರೆ ಆಯ್ಕೆಯ ಸಮಾರಂಭವನ್ನೇ ಹೇಗೆ ತಿರುಚಬಹುದು ಎಂಬುದು ‘ಸನ್‌ರೈಸ್’ನ ಮೊದಲ ಅಧ್ಯಾಯಗಳಲ್ಲೇ ಇದೆ. ಹೆಸರು ಬಂದ ಹುಡುಗ ಓಡುತ್ತಾನೆ, ಗುಂಡಿಗೆ ಬಲಿಯಾಗುತ್ತಾನೆ, ಆ ಜಾಗಕ್ಕೆ, ಮುಂದೆ ಕ್ಯಾಟ್ನಿಸ್‌ಗೆ ಮಾರ್ಗದರ್ಶಕನಾಗುವ ಹೇಮಿಚ್‌ನನ್ನು ತಳ್ಳಿ ಕ್ಯಾಮೆರಾ ಮುಂದೆ ಇಡೀ ದೃಶ್ಯವನ್ನು ಮತ್ತೆ ಆಡಿಸುತ್ತಾರೆ.

ತಂದೆತಾಯಿ ಸುಮ್ಮನೆ ಮಕ್ಕಳನ್ನು ಕಳಿಸುತ್ತಾರಾ? ಜನ ಯಾಕೆ ತಿರುಗಿ ಬೀಳುವುದಿಲ್ಲ?

ತಿರುಗಿ ಬಿದ್ದದ್ದಕ್ಕೇ ಈ ಶಿಕ್ಷೆ. ದಂಗೆ ಎದ್ದವರ ಮೊಮ್ಮಕ್ಕಳೂ ಮರಿಮಕ್ಕಳೂ ಅದನ್ನು ತೀರಿಸುತ್ತಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಆದರೆ ಬರೀ ಭಯದಿಂದ ಮುಕ್ಕಾಲು ಶತಮಾನ ಆಳಲಾಗದು. ಡಿಸ್ಟ್ರಿಕ್ಟ್‌ಗಳ ನಡುವೆ ಓಡಾಟವಿಲ್ಲ, ಪಕ್ಕದವರ ಸುದ್ದಿ ಇವರಿಗೆ ತಿಳಿಯದು. ಗೆದ್ದವರ ಊರಿಗೆ ಒಂದು ವರ್ಷ ಆಹಾರದ ಉಡುಗೊರೆ ಬರುತ್ತದೆ. ಹಸಿದ ಊರು ತನ್ನ ಮಗು ಗೆಲ್ಲಲಿ ಎಂದು ಹಾರೈಸುವುದೆಂದರೆ ಇನ್ನೊಂದು ಊರಿನ ಮಗು ಸಾಯಲಿ ಎಂದು ಹಾರೈಸಿದಂತೆಯೇ. ರೋಮನ್ ಕವಿ ಜುವೆನಲ್ ತನ್ನ ಜನರನ್ನು ರೊಟ್ಟಿ ಮತ್ತು ಮೋಜಿಗೆ ಮಾರಿಹೋದವರು ಎಂದು ಹಂಗಿಸಿದ್ದ. ದೇಶದ ಹೆಸರೂ ಆ ಸಾಲಿನದೇ. ಪ್ಯಾನೆಮ್‌ನಲ್ಲಿ ರೊಟ್ಟಿಯೂ ಮೋಜೂ ಕ್ಯಾಪಿಟಲ್‌ನವರಿಗೆ. ಡಿಸ್ಟ್ರಿಕ್ಟಿನವರು ಅವೆರಡಕ್ಕೂ ಕಚ್ಚಾ ಮಾಲು.

ಕಣದೊಳಗಾದರೂ ಎಲ್ಲರಿಗೂ ಸಮಾನ ಅವಕಾಶ ಇದೆಯಾ?

ಇಲ್ಲ. 1, 2 ಮತ್ತು 4ನೇ ಡಿಸ್ಟ್ರಿಕ್ಟಿನವರು ಮಕ್ಕಳನ್ನು ಮೊದಲಿನಿಂದಲೂ ತಯಾರು ಮಾಡುತ್ತಾರೆ. ಅದು ನಿಯಮಕ್ಕೆ ವಿರುದ್ಧ, ಆದರೂ ಯಾರೂ ಕೇಳುವುದಿಲ್ಲ. ತರಬೇತಿ ಮುಗಿದ ಮೇಲೆ 1ರಿಂದ 12ರವರೆಗೆ ಅಂಕ ಕೊಡುತ್ತಾರೆ, ಕ್ಯಾಟ್ನಿಸ್‌ಗೆ 11. ಆ ಅಂಕ ನೋಡಿ ಬಾಜಿ ಕಟ್ಟುವವರು, ಸ್ಪಾನ್ಸರ್‌ಗಳು ದುಡ್ಡು ಹಾಕುತ್ತಾರೆ. ಆ ದುಡ್ಡಿನಿಂದ ಮಕ್ಕಳ ಮಾರ್ಗದರ್ಶಕನಾದ ಮೆಂಟರ್ ಔಷಧಿಯನ್ನೋ ಊಟವನ್ನೋ ಪುಟ್ಟ ಪ್ಯಾರಾಚೂಟಿನಲ್ಲಿ ಇಳಿಸಬಹುದು. ಆಟ ಮುಂದುವರಿದಂತೆ ಬೆಲೆ ಏರುತ್ತದೆ: ಮೊದಲ ದಿನ ಒಂದು ಊಟಕ್ಕೆ ಆಗುತ್ತಿದ್ದ ದುಡ್ಡಿಗೆ ಕೊನೆಕೊನೆಗೆ ಒಂದು ಬಿಸ್ಕತ್ತು ಬಂದರೆ ಹೆಚ್ಚು.

ಗುಹೆಯ ಅಧ್ಯಾಯವನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. ಪೀಟಾ ಜ್ವರದಲ್ಲಿ ಬಿದ್ದಿದ್ದಾನೆ. ಕ್ಯಾಟ್ನಿಸ್ ಅವನಿಗೆ ಒಂದು ಮುತ್ತು ಕೊಡುತ್ತಾಳೆ. ಹೊರಗೆ ಬಂದರೆ ಪ್ಯಾರಾಚೂಟಿನಲ್ಲಿ ಒಂದು ಪಾತ್ರೆ ಬಿಸಿ ಸಾರು! ಮೆಂಟರ್ ಹೇಮಿಚ್ ಒಂದು ಮಾತನ್ನೂ ಆಡಿಲ್ಲ, ಆದರೆ ದರಪಟ್ಟಿ ಅವಳಿಗೆ ಅರ್ಥವಾಗುತ್ತದೆ. ಒಂದು ಮುತ್ತಿಗೆ ಒಂದು ಪಾತ್ರೆ ಸಾರು.

ಅಂದರೆ ಪ್ರೇಮಕಥೆ ಬರೀ ನಾಟಕವೇ?

ಅವಳಿಗೇ ಗೊತ್ತಿಲ್ಲ, ಮಜಾ ಇರುವುದೇ ಅಲ್ಲಿ. ಇಪ್ಪತ್ತನಾಲ್ಕು ಗಂಟೆ ಕ್ಯಾಮೆರಾ ಎದುರು ಬದುಕಿದವಳಿಗೆ ತನ್ನ ಯಾವ ಭಾವನೆ ತನ್ನದು, ಯಾವುದು ಪ್ರೇಕ್ಷಕರದು ಎಂದು ಬಿಡಿಸಲು ಬರುವುದಿಲ್ಲ. ಗೇಲ್ ಮೇಲೋ ಪೀಟಾ ಮೇಲೋ ಎಂದು ಎರಡು ಪಕ್ಷ ಕಟ್ಟಿಕೊಂಡು ವಾದ ಮಾಡುವವರು ಕ್ಯಾಪಿಟಲ್‌ನ ಪ್ರೇಕ್ಷಕರ ಪಾತ್ರವನ್ನು ಪುಕ್ಕಟೆ ಮಾಡುತ್ತಿರುತ್ತಾರೆ, ಅಷ್ಟೆ.

ಈ ಆಟ ಮೊದಲಿನಿಂದಲೂ ಇಷ್ಟು ಅದ್ದೂರಿಯೇ?

ಖಂಡಿತ ಇಲ್ಲ. ‘ಬ್ಯಾಲಡ್’ ಓದಲು ಇದೊಂದೇ ಕಾರಣ ಸಾಕು. ಹತ್ತನೇ ಆಟದ ಕಾಲಕ್ಕೆ ಮಕ್ಕಳನ್ನು ದನ ಸಾಗಿಸುವ ಗಾಡಿಯಲ್ಲಿ ತಂದು ಮೃಗಾಲಯದ ಕೋತಿ ಬೋನಿನಲ್ಲಿ ಕೂಡಿಹಾಕುತ್ತಾರೆ. ಕಣವೆಂದರೆ ಪಾಳುಬಿದ್ದ ಕ್ರೀಡಾಂಗಣ. ಕ್ಯಾಪಿಟಲ್‌ನಲ್ಲೇ ಹೆಚ್ಚಿನವರು ಟೀವಿ ಹಚ್ಚುವುದಿಲ್ಲ. ಜನ ನೋಡದಿದ್ದರೆ ಶಿಕ್ಷೆ ಯಾರಿಗೂ ಮುಟ್ಟುವುದಿಲ್ಲವಲ್ಲ! ಆಗ 18ರ ಹರೆಯದ, ಮುಂದೆ ಪ್ಯಾನೆಮ್‌ನ ಅಧ್ಯಕ್ಷನಾಗುವ ಕೊರಿಯೊಲೇನಸ್ ಸ್ನೋ ಬಾಜಿ ಕಟ್ಟುವುದನ್ನೂ ಊಟ ಕಳಿಸುವುದನ್ನೂ ಸೂಚಿಸುತ್ತಾನೆ. ನೋಡುಗನ ದುಡ್ಡು ಒಳಗೆ ಬಂತೆಂದರೆ ಅವನು ಕಣ್ಣು ತೆಗೆಯುವುದಿಲ್ಲ. ರಿಯಾಲಿಟಿ ಶೋಗಳಲ್ಲಿ ವೋಟು ಹಾಕಿದವರಿಗೆ ಈ ತರ್ಕ ಹೊಸದೇನಲ್ಲ.

ಕ್ವಾರ್ಟರ್ ಕ್ವೆಲ್ ಎಂದರೇನು?

ಪ್ರತಿ 25 ವರ್ಷಕ್ಕೊಮ್ಮೆ ನಡೆಯುವ ವಿಶೇಷ ಆಟ. 25ನೆಯದಕ್ಕೆ ಯಾರನ್ನು ಕಳಿಸಬೇಕೆಂದು ಊರಿನವರೇ ಮತ ಹಾಕಬೇಕಾಯಿತು. 50ನೆಯದಕ್ಕೆ ದುಪ್ಪಟ್ಟು, 48 ಮಕ್ಕಳು. 75ನೆಯದಕ್ಕೆ ಹಿಂದೆ ಗೆದ್ದವರನ್ನೇ ಮತ್ತೆ ಕಣಕ್ಕಿಳಿಸಿದರು.

ಕಾಡಿನಲ್ಲಿ ಬದುಕುವ ವಿವರಗಳು ಎಷ್ಟು ನಿಜ?

ನಿಜ ಮತ್ತು ಕಲ್ಪನೆ ಕಲೆತಿವೆ. ನಾಯಕಿಯ ಹೆಸರಿನ ಗಿಡ ನಿಜ: ಸಜಿಟೇರಿಯ ಕುಲದ ನೀರುಗಿಡ, ಬಾಣದ ತುದಿಯಂಥ ಎಲೆ, ತಿನ್ನಬಹುದಾದ ಗೆಡ್ಡೆ. ನೈಟ್‌ಲಾಕ್ ಹಣ್ಣು ಮತ್ತು ಟ್ರ್ಯಾಕರ್ ಜ್ಯಾಕರ್ ಕಣಜ ಕಲ್ಪನೆ.

ಆಟದ ಮೊದಲ ದಿನ ಅವಳ ಕೈಗೆ ಸಿಗುವ ಚೀಲದಲ್ಲಿ ಇರುವುದಿಷ್ಟು: ಮೈಬಿಸಿ ಹಿಡಿದಿಡುವ ತೆಳ್ಳನೆಯ ಕಪ್ಪು ಮಲಗುಚೀಲ, ಒಂದು ಪ್ಯಾಕ್ ಬಿಸ್ಕತ್ತು, ಒಣಮಾಂಸ, ಅಯೋಡಿನ್ ಬಾಟಲಿ, ಬೆಂಕಿಪೊಟ್ಟಣ, ಒಂದು ಸುರುಳಿ ತಂತಿ, ತಂಪು ಕನ್ನಡಕ ಮತ್ತು ಸುಮಾರು ಎರಡು ಲೀಟರ್ ಹಿಡಿಯುವ ನೀರಿನ ಬಾಟಲಿ. ಬಾಟಲಿಯಲ್ಲಿ ಮಾತ್ರ ತೊಟ್ಟು ನೀರಿಲ್ಲ. ಅವಳು ನೀರು ಕೇಳಿದರೂ ಹೇಮಿಚ್ ಕಳಿಸುವುದಿಲ್ಲ. ನೀರು ಹತ್ತಿರದಲ್ಲೇ ಇದೆ ಎಂಬುದೇ ಅವನ ಮೌನದ ಅರ್ಥ ಎಂದು ಅವಳು ಲೆಕ್ಕ ಹಾಕುತ್ತಾಳೆ. ಕೊಳ ಸಿಕ್ಕ ಮೇಲೂ ಬಾಯಿ ಹಾಕದೆ ಅಯೋಡಿನ್ ಹನಿ ಬೆರೆಸಿ ಅರ್ಧ ಗಂಟೆ ಕಾಯುತ್ತಾಳೆ.

ಆ ಅರ್ಧ ಗಂಟೆ ಸರಿಯಾದ ಲೆಕ್ಕವೇ. ಶೇ. 2ರ ಟಿಂಕ್ಚರ್ ಅಯೋಡಿನ್ ಆದರೆ ತಿಳಿನೀರಿಗೆ ಲೀಟರಿಗೆ 5 ಹನಿ, ಬಗ್ಗಡವಾಗಿದ್ದರೆ 10 ಹನಿ, ಕನಿಷ್ಠ 30 ನಿಮಿಷ. ಜನ ಎಡವುವುದು ಕಾಯುವುದರಲ್ಲಿ. ಅಯೋಡಿನ್ ಎಲ್ಲ ಬಗೆಯ ಪರಾವಲಂಬಿಗಳನ್ನೂ ಕೊಲ್ಲುವುದಿಲ್ಲ. ಗರ್ಭಿಣಿಯರಿಗೂ ಥೈರಾಯ್ಡ್ ತೊಂದರೆ ಇರುವವರಿಗೂ ಇದು ಬೇಡ. ಚಾರಣಕ್ಕೆ ಹೋದಾಗ ಒಲೆ ಇದ್ದರೆ ನೀರು ಕುದಿಸಿಕೊಳ್ಳಿ. ಕಾಡುಹಣ್ಣನ್ನು ಪುಸ್ತಕ ನಂಬಿ ಬಾಯಿಗಿಡಬೇಡಿ.

ಸಿನಿಮಾ ನೋಡಿದರೆ ಸಾಲದೇ? (ಗುಟ್ಟು ಬಯಲಾಗುತ್ತದೆ)

ಸಿನಿಮಾಗಳು ಚೆನ್ನಾಗಿವೆ, ಎರಡನೆಯದಂತೂ ಬಹಳ ಚೆನ್ನಾಗಿದೆ. 2012ರಿಂದ 2015ರವರೆಗೆ ನಾಲ್ಕು ಬಂದವು, ಮೂರನೆಯ ಪುಸ್ತಕವನ್ನು ಎರಡು ಭಾಗ ಮಾಡಿದರು. ‘ಬ್ಯಾಲಡ್’ 2023ರಲ್ಲಿ ಬಂತು. ‘ಸನ್‌ರೈಸ್’ ಚಿತ್ರಕ್ಕೆ 2026ರ ನವೆಂಬರ್ 20 ಎಂದು ದಿನ ಗೊತ್ತುಮಾಡಿದ್ದಾರೆ.

ಬದಲಾದದ್ದೂ ಕಡಿಮೆಯಿಲ್ಲ. ಪುಸ್ತಕದಲ್ಲಿ ಪೀಟಾ ಒಂದು ಕಾಲು ಕಳೆದುಕೊಳ್ಳುತ್ತಾನೆ, ತೆರೆಯ ಮೇಲೆ ಎರಡೂ ಕಾಲು ಗಟ್ಟಿ. ಕ್ಯಾಟ್ನಿಸ್ ಧರಿಸುವ ಹಕ್ಕಿಯ ಪಿನ್ನನ್ನು ಪುಸ್ತಕದಲ್ಲಿ ಕೊಡುವುದು ಮ್ಯಾಜ್. ಸಿನಿಮಾದಲ್ಲಿ ಆ ಹುಡುಗಿಯೇ ಇಲ್ಲ. ಕೊನೆಯಲ್ಲಿ ಬರುವ ತೋಳದಂಥ ಮೃಗಗಳಿಗೆ ಪುಸ್ತಕದಲ್ಲಿ ಸತ್ತ ಮಕ್ಕಳ ಕಣ್ಣುಗಳಿವೆ. ಅದನ್ನು ತೋರಿಸುವ ಧೈರ್ಯ ಸಿನಿಮಾದವರಿಗೆ ಆಗಲಿಲ್ಲ. ಪುಟ್ಟ ಹುಡುಗಿ ರೂ ಸತ್ತಾಗ ಸಿನಿಮಾದಲ್ಲಿ 11ನೇ ಡಿಸ್ಟ್ರಿಕ್ಟ್ ದಂಗೆ ಏಳುತ್ತದೆ. ಪುಸ್ತಕದಲ್ಲಿ ಆ ಬಡವರ ಊರು ದುಡ್ಡು ಕೂಡಿಸಿ ಕ್ಯಾಟ್ನಿಸ್‌ಗೆ ಒಂದು ಬ್ರೆಡ್ ಕಳಿಸುತ್ತದೆ. ಯಾವ ಊರೂ ತನ್ನದಲ್ಲದ ಮಗುವಿಗೆ ಹಾಗೆ ಮಾಡಿದ್ದಿಲ್ಲ. ಬೆಂಕಿ ಹಚ್ಚುವ ದೃಶ್ಯಕ್ಕಿಂತ ಆ ಬ್ರೆಡ್ ದೊಡ್ಡದು.

ಇದು ಜಪಾನಿನ ಕಥೆಯ ನಕಲು ಎನ್ನುತ್ತಾರಲ್ಲ?

ಕೊಶುನ್ ತಕಾಮಿ ಅವರ ‘ಬ್ಯಾಟಲ್ ರಾಯಲ್’ 1999ರದು. ಅಲ್ಲಿಯೂ ಸರ್ಕಾರವೇ ಮಕ್ಕಳನ್ನು ಕಾದಾಡಿಸುತ್ತದೆ. ತಮ್ಮ ಹಸ್ತಪ್ರತಿ ಕೊಡುವವರೆಗೂ ಅದರ ಹೆಸರೇ ಕೇಳಿರಲಿಲ್ಲ ಎಂದು ಕಾಲಿನ್ಸ್ ಹೇಳಿದ್ದಾರೆ. ಹೋಲಿಕೆ ಇರುವುದು ಕಾದಾಟದಲ್ಲಿ. ಸ್ಪಾನ್ಸರ್, ಸಂದರ್ಶನ, ವಸ್ತ್ರವಿನ್ಯಾಸಕ ಇವೆಲ್ಲ ಕಾಲಿನ್ಸ್ ಅವರವೇ. ಟೀವಿ ಚಾನೆಲ್ ಬದಲಿಸುತ್ತಿದ್ದಾಗ ಒಂದು ಕಡೆ ರಿಯಾಲಿಟಿ ಶೋ, ಇನ್ನೊಂದು ಕಡೆ ಇರಾಕ್ ಯುದ್ಧದ ದೃಶ್ಯಗಳು ಕಂಡು ಎರಡೂ ಕಲಸಿಹೋದವು ಎಂದು ಅವರು ವಿವರಿಸಿದ್ದಾರೆ. ಇನ್ನೊಂದು ಮೂಲ ಗ್ರೀಕ್ ಪುರಾಣ: ಅಥೆನ್ಸ್ ನಗರ ಏಳು ಹುಡುಗರನ್ನೂ ಏಳು ಹುಡುಗಿಯರನ್ನೂ ಮಿನೊಟಾರ್ ಬಾಯಿಗೆ ಕಳಿಸಬೇಕಿದ್ದ ಕಥೆ. ಏಕಚಕ್ರಪುರದ ಬಕಾಸುರನ ಬಂಡಿ ಗೊತ್ತಿರುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಯಾವ ವಯಸ್ಸಿಗೆ ಕೊಡಬಹುದು?

ಮೊದಲ ಎರಡನ್ನು ಹನ್ನೆರಡು ಹದಿಮೂರಕ್ಕೆ, ‘ಮಾಕಿಂಗ್‌ಜೇ’ ಮತ್ತು ‘ಸನ್‌ರೈಸ್’ ಅನ್ನು ಹದಿನಾಲ್ಕರ ಮೇಲೆ. ಲೈಂಗಿಕ ವರ್ಣನೆ ಇಲ್ಲ, ಆದರೆ ಗೆದ್ದ ತರುಣರನ್ನು ಕ್ಯಾಪಿಟಲ್‌ನ ಶ್ರೀಮಂತರಿಗೆ ಮಾರುತ್ತಿದ್ದರು ಎಂಬ ಸಂಗತಿ ಮೂರನೆಯದರಲ್ಲಿ ಬರುತ್ತದೆ. ಚಿತ್ರಹಿಂಸೆಯೂ ಇದೆ. ಅಮೆರಿಕದ ಗ್ರಂಥಾಲಯ ಸಂಘದ ಆಕ್ಷೇಪಿತ ಪುಸ್ತಕಗಳ ಮೊದಲ ಹತ್ತರ ಪಟ್ಟಿಯಲ್ಲಿ ಇದು 2010, 2011 ಮತ್ತು 2013ರಲ್ಲಿ ಇತ್ತು. ಮಗು ಓದುತ್ತಿದ್ದರೆ ನೀವೂ ಓದಿ. ‘ಹೆದರಿಕೆ ಆಯ್ತಾ’ ಎಂದು ಕೇಳುವುದಕ್ಕಿಂತ ‘ಈ ಆಟದಿಂದ ಯಾರಿಗೆ ಏನು ಸಿಗುತ್ತೆ’ ಎಂದು ಕೇಳಿದರೆ ಮಾತು ಬೆಳೆಯುತ್ತದೆ.

ಮೂರನೆಯ ಪುಸ್ತಕ ಯಾಕೆ ಅಷ್ಟು ಬೇಸರ ಹುಟ್ಟಿಸುತ್ತದೆ? (ಗುಟ್ಟು ಬಯಲಾಗುತ್ತದೆ)

ಗೆಲುವಿನ ಕಥೆ ನಿರೀಕ್ಷಿಸಿ ಹೋದರೆ ಹಾಗನ್ನಿಸುತ್ತದೆ. ಬಂಡುಕೋರರ 13ನೇ ಡಿಸ್ಟ್ರಿಕ್ಟ್ ನೆಲದಡಿ ಬದುಕಿದೆ. ಅಲ್ಲಿ ಬೆಳಿಗ್ಗೆ ಎದ್ದ ಕೂಡಲೇ ದಿನಚರಿಯನ್ನು ನೇರಳೆ ಶಾಯಿಯಲ್ಲಿ ಮುಂಗೈ ಮೇಲೆ ಅಚ್ಚೊತ್ತುತ್ತಾರೆ, ಊಟವನ್ನು ಅಳೆದು ಬಡಿಸುತ್ತಾರೆ. ಕ್ಯಾಟ್ನಿಸ್‌ಳ ಅಲಂಕಾರ ತಂಡದವರು ಬ್ರೆಡ್ ಕದ್ದದ್ದಕ್ಕೆ ಅವರನ್ನು ಗೋಡೆಗೆ ಸರಪಳಿ ಹಾಕಿ ಕೂರಿಸುತ್ತಾರೆ. ಟೆಸೆರಾ ಕೊಟ್ಟು ಆಳಿದವರ ಎದುರು ನಿಂತವರೂ ಅನ್ನದ ಅಳತೆಯಿಂದಲೇ ಆಳುತ್ತಿದ್ದಾರೆ, ಕ್ಯಾಟ್ನಿಸ್‌ಳನ್ನು ಪ್ರಚಾರದ ವಿಡಿಯೋಗಳಿಗೆ ನಿಲ್ಲಿಸುತ್ತಿದ್ದಾರೆ. ಅವಳ ಕೊನೆಯ ಬಾಣ ಎತ್ತ ತಿರುಗಿತು ಎಂಬುದಕ್ಕೆ ಕಾರಣ ಈ ಮೊದಲ ಅಧ್ಯಾಯಗಳಲ್ಲೇ ಇದೆ, ಓದುವಾಗ ಬೇಜಾರಿನಿಂದ ಹಾರಿಸಿದ ಪುಟಗಳಲ್ಲಿ.

ಮೂರು ಬೆರಳಿನ ವಂದನೆಗೆ ಹೊರಗಿನ ಜಗತ್ತಿನಲ್ಲಿ ಬೆಲೆ ಇದೆಯಾ?

ಇದೆ. ಕಥೆಯಲ್ಲಿ ಅದು 12ನೇ ಡಿಸ್ಟ್ರಿಕ್ಟಿನ ಹಳೆಯ, ಅಪರೂಪದ ಸಂಜ್ಞೆ, ಕೆಲವೊಮ್ಮೆ ಶವಸಂಸ್ಕಾರದಲ್ಲಿ ಕಾಣುವಂಥದ್ದು. 2014ರ ಮೇ ತಿಂಗಳಲ್ಲಿ ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಪ್ರತಿಭಟನಕಾರರು ಅದನ್ನು ಎತ್ತಿಕೊಂಡರು. ಅದೇ ನವೆಂಬರ್‌ನಲ್ಲಿ ಹಾಗೆ ಬೆರಳೆತ್ತಿದ ವಿದ್ಯಾರ್ಥಿಗಳನ್ನು ಪೊಲೀಸರು ಹಿಡಿದರು. 2021ರ ಸೇನಾದಂಗೆಯ ನಂತರ ಮ್ಯಾನ್ಮಾರ್ ಬೀದಿಗಳಲ್ಲೂ ಅದು ಕಂಡಿತು.

ಇಂಥ ಕಥೆಯನ್ನು ಕನ್ನಡದಲ್ಲಿ ಬರೆಯಲು ಏನು ಮಾಡಬೇಕು?

ಮೊದಲು ಒಂದು ನಿಯಮ ಗಟ್ಟಿ ಮಾಡಿ, ಅದರಲ್ಲಿ ಅಂಕಿ ಇರಲಿ. ಮೂರು ಮನೆಗಳಿಗೆ ಆ ನಿಯಮ ಹಚ್ಚಿ ಕಾಗದದ ಮೇಲೆ ಲೆಕ್ಕ ಮಾಡಿ: ಶ್ರೀಮಂತರದು, ಬಡವರದು, ನಿಮ್ಮ ನಾಯಕಿಯದು. ಮೂರಕ್ಕೂ ಒಂದೇ ಉತ್ತರ ಬಂದರೆ ನಿಯಮದಲ್ಲಿ ಹುರುಳಿಲ್ಲ, ಬೇರೆ ಹುಡುಕಿ. ಆಮೇಲೆ ಲೆಡ್ಜರ್ ಬರೆಯುವವನು ಯಾರು, ಅವನಿಗೆ ಏನು ಗಿಟ್ಟುತ್ತದೆ ಎಂದು ತೀರ್ಮಾನಿಸಿ.

ಸಾಮಾನ್ಯವಾಗಿ ಹಳಿ ತಪ್ಪುವುದು ಎರಡು ಕಡೆ. ಒಂದು, ಮೊದಲ ಹತ್ತು ಪುಟ ದೇಶದ ಇತಿಹಾಸಕ್ಕೇ ಹೋಗುತ್ತದೆ. ಕಾಲಿನ್ಸ್ ಅದನ್ನು ಚೀಟಿ ಎತ್ತುವ ದಿನ ಮೇಯರ್ ಓದುವ ಭಾಷಣದಲ್ಲಿ ಚಿಕ್ಕದಾಗಿ ಮುಗಿಸಿದ್ದಾರೆ. ಎರಡು, ನಾಯಕಿಗೆ ಹುಟ್ಟಿನಿಂದಲೇ ಎಲ್ಲ ಬರುತ್ತದೆ. ಕ್ಯಾಟ್ನಿಸ್‌ಳ ಬಿಲ್ಲು ಅಪ್ಪ ಮಾಡಿಟ್ಟದ್ದು, ಅವಳು ಬೇಟೆ ಕಲಿತದ್ದು ಹೊಟ್ಟೆಪಾಡಿಗೆ. ಕಾನೂನಿನ ಪ್ರಕಾರ ಅದು ಅಪರಾಧ, ಆದರೆ ಮಾಂಸ ಕೊಳ್ಳುವವರಲ್ಲಿ ಕಾವಲಿನವರೂ ಇದ್ದಾರೆ. ಇನ್ನು ರೋಮನ್ ಹೆಸರು, ಹಾರುವ ಹಡಗು ನಮಗೆ ಬೇಕಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹೊಂದದೆ ವಾಪಸು ಕಳಿಸುವ ಯಂತ್ರದಿಂದಲೇ ಒಂದು ಕಾದಂಬರಿ ಶುರುವಾಗಬಹುದು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಕಷ್ಟವಾಗುತ್ತದಾ?

ಮೊದಲ ಪುಸ್ತಕ ಕಷ್ಟವಲ್ಲ. ಚಿಕ್ಕ ವಾಕ್ಯಗಳು, ವರ್ತಮಾನ ಕಾಲ, ಕ್ಯಾಟ್ನಿಸ್ ತಾನೇ ಹೇಳುವ ಧಾಟಿ. ಮೂರು ಭಾಗ, ಭಾಗಕ್ಕೆ ಒಂಬತ್ತು ಅಧ್ಯಾಯ, ಒಟ್ಟು 27. ದಿನಕ್ಕೊಂದು ಓದಿದರೆ ತಿಂಗಳೊಳಗೆ ಮುಗಿಯುತ್ತದೆ. ಗಿಡ, ಹಕ್ಕಿ, ಉಡುಪಿನ ಹೆಸರುಗಳಲ್ಲಿ ಮಾತ್ರ ತಡವರಿಸುತ್ತೀರಿ, ಅವಕ್ಕೆಲ್ಲ ನಿಘಂಟು ತೆರೆಯಬೇಡಿ. ‘ಬ್ಯಾಲಡ್’ ಭೂತಕಾಲದಲ್ಲಿದೆ, ಉದ್ದ ಹೆಚ್ಚು, ತತ್ತ್ವದ ವಾದ ಹೆಚ್ಚು. ಅದನ್ನು ನಾಲ್ಕನೆಯದಾಗಿಯೇ ಇಟ್ಟುಕೊಳ್ಳಿ.